ಕೊಯ್ದ ಹೊಟ್ಟೆಯವನ ಊಟ

ಶಹಾಬಾದಿನ ಸುತ್ತಮುತ್ತ ಆ ಕಾಲದಲ್ಲಿ ನನಗೊಂದು ಹೆಸರಿತ್ತು. ಪಾಠ ಚೆನ್ನಾಗಿ ಹೇಳುತ್ತೇನೆಂದು ಬಂದ ಹೆಸರಲ್ಲ. ನಾನು ಪಾಠ ಹೇಗೆ ಹೇಳುತ್ತೇನೆಂದು ಯಾರೂ ಕೇಳಿದವರೇ ಇಲ್ಲ. ಭಂಕೂರಿನ ಮಾಸ್ತರ ಊಟಕ್ಕೆ ಕೂತರೆ ಪಂಕ್ತಿ ಬೇಗ ಏಳುವುದಿಲ್ಲ ಎಂಬುದೇ ಆ ಹೆಸರು. ಮದುವೆ, ಬಸುರಿಯ ಕುಬಸ, ಹೊಸ ಮನೆ, ಕಡೆಗೆ ಸತ್ತವರ ಹೆಸರಿನ ಊಟಕ್ಕೂ ನನಗೆ ಕರೆ ಬರುತ್ತಿತ್ತು. ಕರೆದವರಿಗೆ ನನ್ನ ಹಸಿವಿನ ಚಿಂತೆಯೇನೂ ಇರಲಿಲ್ಲ, ನಾನು ಉಣ್ಣುವುದನ್ನು ನೋಡಬೇಕಾಗಿತ್ತು. ಇವೆರಡೂ ಬೇರೆ ಬೇರೆ ಎಂದು ತಿಳಿಯಲು ನಾನು ಅರ್ಧಕ್ಕಿಂತ ಹೆಚ್ಚು ಹೊಟ್ಟೆಯನ್ನು ಕೊಡಬೇಕಾಯಿತು.

ಎಲ್ಲರಿಗಿಂತ ಹೆಚ್ಚು ನನ್ನನ್ನು ಮೆರೆಸಿದವರು ಶಹಾಬಾದಿನ ಒಬ್ಬ ಸಾಹುಕಾರರು. ನೆಲಕ್ಕೆ ಹಾಸುವ ಫರಸಿ ಕಲ್ಲಿನ ವ್ಯಾಪಾರ. ಸೊಲ್ಲಾಪುರ, ಹೈದರಾಬಾದಿನಿಂದ ಕಲ್ಲು ಕೊಳ್ಳುವವರು ಬಂದರೆ ಮೊದಲು ಖಣಿ ತೋರಿಸುತ್ತಿದ್ದರು, ಆಮೇಲೆ ಎತ್ತು ತೋರಿಸುತ್ತಿದ್ದರು, ಆಮೇಲೆ ನನ್ನನ್ನು. "ಇವ್ರು ನಮ್ಮ ಮಾಸ್ತರ್. ಹೋಳಿಗಿ ಮುಂದ ಕುಂತ್ರಂದ್ರ ಅಡಗಿ ಮಾಡಾಂವ ಅಳ್ತಾನ ನೋಡ್ರಿ," ಎಂದು ನನ್ನ ಬೆನ್ನು ತಟ್ಟುತ್ತಿದ್ದರು. ಬಂದವರು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಓದಿಕೊಂಡ ಮನುಷ್ಯ, ಮಕ್ಕಳಿಗೆ ವ್ಯಾಕರಣ ಕಲಿಸುವವನು, ಎತ್ತಿನ ಪಕ್ಕದಲ್ಲಿ ನಿಂತು ಹಲ್ಲು ಕಿರಿಯುತ್ತಿದ್ದೆ.

ನಾನು ಅಷ್ಟು ತಿನ್ನುತ್ತಿದ್ದುದಕ್ಕೆ ಕಾರಣ ಯಾರಿಗೂ ಗೊತ್ತಿರಲಿಲ್ಲ, ನನಗೂ ಇರಲಿಲ್ಲ. ಹಸಿದರೆ ಎದೆಗೂಡಿನ ಕೆಳಗೆ ಕೆಂಡ ಇಟ್ಟಂತೆ ಉರಿಯುತ್ತಿತ್ತು. ಉಂಡರೆ ಆರುತ್ತಿತ್ತು. ಹೀಗಾಗಿ ಉರಿ ಬರುವ ಮೊದಲೇ ಉಣ್ಣುವ ರೂಢಿಯಾಯಿತು. ಮೈ ಬೆಳೆಯಿತು. ಟಾಂಗಾದವನು ನನ್ನನ್ನು ಹಿಂದೆ ಕೂರಿಸುತ್ತಿರಲಿಲ್ಲ, ಕುದುರೆ ಮೇಲೆದ್ದೀತೆಂದು. ಒಳಗಿನ ಹುಣ್ಣಿಗೆ ಹಾಕುತ್ತಿದ್ದ ಮೇವನ್ನು ಊರಿನವರು ನನ್ನ ಪರಾಕ್ರಮ ಅಂದುಕೊಂಡರು.

ಒಂದು ದಿನ ಬೆಳಿಗ್ಗೆ ಕಪ್ಪು ಹಲಗೆಯ ಮೇಲೆ ಬರೆಯುತ್ತಿದ್ದಾಗಲೇ ವಾಂತಿ ಬಂತು. ಚಹಾದ ಚರಟದಂತೆ ಕಪ್ಪಾಗಿತ್ತು, ಆಮೇಲೆ ಕೆಂಪು. ಹುಡುಗರು ಕಿರುಚುತ್ತ ಹೊರಗೆ ಓಡಿದರು. ಹೆಂಡತಿ ನನ್ನನ್ನು ಬಂಡಿಯಲ್ಲಿ ಮಲಗಿಸಿ ಶಹಾಬಾದಿಗೆ ತಂದು, ಅಲ್ಲಿಂದ ರೈಲಿನಲ್ಲಿ ಸೊಲ್ಲಾಪುರಕ್ಕೆ ಒಯ್ದಳು. ಅಲ್ಲಿಯ ಒಂದು ದವಾಖಾನೆಯಲ್ಲಿ ಹೊಟ್ಟೆ ಕೊಯ್ದು, ಹುಣ್ಣಿನ ಸಂಗಡ ಜಠರದ ದೊಡ್ಡ ಭಾಗವನ್ನೇ ತೆಗೆದುಹಾಕಿದರು.

ಬಿಡುಗಡೆಯ ದಿನ ಡಾಕ್ಟರು ಹೆಂಡತಿಯನ್ನೂ ಕೂರಿಸಿಕೊಂಡು ಹೇಳಿದರು: "ಒಳಗ ಉಳಿದಿದ್ದು ಒಂದು ಸಣ್ಣ ಚೀಲ. ಸ್ವಲ್ಪ ಸ್ವಲ್ಪ, ಮ್ಯಾಲಿಂದ ಮ್ಯಾಲ ಉಣ್ಣಬೇಕು. ಛಲೋತ್ನಾಗಿ ಅಗೀಬೇಕು. ಊಟದ ಜೋಡಿ ನೀರು ಬ್ಯಾಡ. ಸಿಹಿ ಅಂತೂ ಮುಟ್ಟಬ್ಯಾಡ್ರಿ. ತಿಂಗಳಿಗೊಂದು ಇಂಜೆಕ್ಷನ್, ಜೀವ ಇರೋತನಕ."

"ಎಷ್ಟು ದಿನ ಹಿಂಗ?" ಎಂದೆ.

"ಈಗ ಹೇಳಿದೆನಲ್ಲ ಮಾಸ್ತರ್. ಜೀವ ಇರೋತನಕ."

ಮನೆಗೆ ಬಂದೆ. ಮೈ ಇಳಿಯಿತು. ಅಂಗಿಯೊಳಗೆ ಇನ್ನೊಬ್ಬನನ್ನು ಕೂರಿಸಬಹುದಾಗಿತ್ತು. ಆಗ ಶುರುವಾಯಿತು ನೋಡಿ ಊರಿನ ಮಮತೆ. ದಪ್ಪ ಇದ್ದಾಗ ಹಿಂದಿನಿಂದ ನಗುತ್ತಿದ್ದವರೇ ಈಗ ಎದುರಿಗೆ ಕೂತು ಲೊಚಗುಟ್ಟತೊಡಗಿದರು. ಒಬ್ಬಳು ಶೇಂಗಾದ ಉಂಡೆ ತಂದಳು, ಇನ್ನೊಬ್ಬಳು ತುಪ್ಪದಲ್ಲಿ ಮುಳುಗಿದ ಸಜ್ಜಕ. ತಿನ್ನುವುದಿಲ್ಲ ಎಂದರೆ, "ನಮ್ಮ ಕೈಲಿ ವಿಷ ಅದೇನ್ರಿ?" ತಿನ್ನದೆ ಹೀಗೆ ಸೊರಗಿದ್ದಾನೆ ಎಂದವರು ಕೆಲವರು, ಕ್ಷಯ ಇರಬೇಕು ಎಂದು ಬಾಯಿಗೆ ಕೈ ಅಡ್ಡ ಹಿಡಿದು ಹೇಳಿದವರು ಕೆಲವರು. ಆದರೂ ಕ್ಷಯದವನ ಮನೆಯ ಚಹಾ ಕುಡಿದೇ ಹೋಗುತ್ತಿದ್ದರು.

ಶಾಲೆಯಲ್ಲಿ ನಮ್ಮ ಹೆಡ್‌ಮಾಸ್ತರರದು ಬೇರೆ ತಕರಾರು. ಹೆಂಡತಿ ಮಜ್ಜಿಗೆಯಲ್ಲಿ ನೆನೆಸಿದ ರೊಟ್ಟಿಯನ್ನು ಡಬ್ಬಿಯಲ್ಲಿ ಕಟ್ಟಿ ಕೊಡುತ್ತಿದ್ದಳು. ಮಕ್ಕಳಿಗೆ ಲೆಕ್ಕ ಹಾಕಿ ಕೊಟ್ಟು, ಮೂಲೆಯಲ್ಲಿ ಕೂತು ನಾಲ್ಕು ತುತ್ತು ತಿನ್ನುತ್ತಿದ್ದೆ.

"ಪಾಠದ ಹೊತ್ತಿನಾಗ ತಿನ್ನೂದು ಯಾವ ನಿಯಮದಾಗ ಅದ ಮಾಸ್ತರ್?" ಎಂದರು ಅವರು, ಬಾಯಲ್ಲಿ ಎಲೆ ಅಡಿಕೆ ಇಟ್ಟುಕೊಂಡು.

"ನಿಮ್ಮ ಬಾಯಾಗಿಂದು ಯಾವ ನಿಯಮದಾಗ ಅದ್ರಿ, ಅದರ ಮಗ್ಗಲದಾಗೇ ನೋಡ್ರಿ," ಎಂದೆ. ಅವರು ಉಗುಳಲು ಹೊರಗೆ ಹೋದವರು ಮತ್ತೆ ಆ ಮಾತು ಎತ್ತಲಿಲ್ಲ.

ಇಷ್ಟೆಲ್ಲ ಸಹಿಸಿಕೊಂಡೆ. ಆದರೆ ಸಾಹುಕಾರರ ಜೀಪು ಬಂದು ಬಾಗಿಲಲ್ಲಿ ನಿಂತ ದಿನ ನನ್ನ ಬುದ್ಧಿ ನಿಲ್ಲಲಿಲ್ಲ. ಸೇಡಮಿನಲ್ಲಿ ಅವರ ಮಗಳ ಮದುವೆ. ಬೀಗರ ಊರಿನಲ್ಲೇ ಮದುವೆ, ಬೀಗರೂ ದೊಡ್ಡ ಕುಳ.

"ನೀವು ಬರ್ಲಿಲ್ಲಂದ್ರ ಪಂಕ್ತಿಗೆ ಕಳೆನೇ ಇಲ್ರಿ ಮಾಸ್ತರ್. ಬೀಗರಿಗೆ ನಿಮ್ಮ ಸುದ್ದಿ ಹೇಳಿಟ್ಟೀನಿ."

ಹೆಂಡತಿ ಒಳಗಿನಿಂದಲೇ ಹೇಳಿದಳು: "ಸಾವ್ಕಾರ್ರ, ಅವರ ಹೊಟ್ಟಿ ಕೊಯ್ದಾರ."

"ಕೊಯ್ದಾರ ಖರೆ ತಂಗಿ, ಮತ್ತ ಹೊಲ್ದಾರಲ್ಲ!"

ಜೀಪಿನ ಡ್ರೈವರನೂ ನಕ್ಕ. ಅವರು ಹೋದ ಮೇಲೆ ಹೆಂಡತಿ ನನ್ನ ಕಡೆ ತಿರುಗಿದಳು. ಅವಳು ಚಿಂಚೋಳಿ ಕಡೆಯವಳು, ಕುಂಚಾವರಂ ಕಾಡಿನ ಅಂಚಿನ ಹಳ್ಳಿ. ಸಿಟ್ಟು ನೆತ್ತಿಗೇರಿದರೆ ತೆಲುಗು ಬರುತ್ತಿತ್ತು. ಆ ದಿನ ಇನ್ನೂ ಕನ್ನಡದಲ್ಲೇ ಇದ್ದಳು.

"ನಿಮ್ಮ ಹೊಟ್ಟಿ ಏನು ಊರ ಗುಡಿ ಏನ್ರಿ, ಬಂದಬಂದವ್ರು ಎಡಿ ಇಡಾಕ? ಹೋಗ್ರಿ, ಉಂಡು ಬರ್ರಿ. ನಾನೂ ಬರ್ತೀನಿ, ಹೊತ್ಕೊಂಡು ಬರಾಕ ಯಾರರ ಬೇಕಲ್ಲ."

ಸೇಡಮಿನ ಹಂದರದಲ್ಲಿ ಪಂಕ್ತಿ ಕೂತಿತ್ತು. ಬೀಗರನ್ನು ಕರೆತಂದು ಸಾಹುಕಾರರು ನನ್ನೆದುರು ನಿಲ್ಲಿಸಿದರು. ಬೀಗರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇವ್ರೇನು? ಕಡ್ಡಿ ಹಂಗ ಇದ್ದಾರಲ್ಲ," ಎಂದರು. "ನೋಡ್ತಿರ್ರಿ," ಎಂದರು ಸಾಹುಕಾರರು. ಎಲೆಗೆ ಬೆಲ್ಲದ ಗೋಧಿ ಹುಗ್ಗಿ ಬಿತ್ತು, ಅದರ ಮೇಲೆ ಬಿಸಿ ತುಪ್ಪ. ಸುತ್ತ ಮಂದಿ ಸೇರಿದರು. ಎಷ್ಟೋ ತಿಂಗಳ ಮೇಲೆ ಯಾರೋ ನನ್ನನ್ನು ಕಣ್ಣು ತುಂಬ ನೋಡುತ್ತಿದ್ದರು. ನನಗೆ ಹಸಿವಿರಲಿಲ್ಲ. ಆ ಕಣ್ಣುಗಳಿಗಾಗಿ ತಿಂದೆ. ಒಂದು ಸೌಟು ಮುಗಿಯಿತು, ಶಿಳ್ಳೆ ಬಿತ್ತು. ಇನ್ನೊಂದನ್ನು ಹಾಕಿದರು.

ಅದು ಅರ್ಧಕ್ಕೆ ಬರುವಷ್ಟರಲ್ಲಿ ಎದೆ ಡೊಳ್ಳು ಬಾರಿಸಿದಂತೆ ಬಡಿದುಕೊಳ್ಳತೊಡಗಿತು. ಅಂಗಿ ಬೆವರಿನಲ್ಲಿ ತೊಯ್ದು ಮೈಗೆ ಅಂಟಿತು. ಹಂದರದ ಕಂಬಗಳು ಒಂದರ ಮೇಲೊಂದು ಬಂದಂತೆ ಕಂಡವು. ಹೊಟ್ಟೆಯಲ್ಲಿ ಗುಡುಗುಡು ಎದ್ದಿತು. ಹೇಗೋ ಎದ್ದು, ಎಲೆಗಳನ್ನು ತುಳಿಯುತ್ತ ಅಡಿಗೆ ಮಾಡುವ ಜಾಗದ ಹಿಂದೆ ಓಡಿ, ಅಲ್ಲಿದ್ದ ಗೋಣಿಚೀಲಗಳ ಮೇಲೆ ಬಿದ್ದೆ. ಅಲ್ಲಿ ಆದದ್ದನ್ನೆಲ್ಲ ಬರೆಯುವ ಅಗತ್ಯವಿಲ್ಲ. ಧೋತರ ಹಾಳಾಯಿತು.

ಹೆಂಡತಿ ಬಂದು ಒದ್ದೆ ಸೆರಗಿನಿಂದ ಮುಖ ಒರೆಸುತ್ತಿದ್ದಳು. ಅವಳ ಹಿಂದೆಯೇ ಸಾಹುಕಾರರು ಬಂದರು. ಏನಾಯಿತು ಎಂದು ಕೇಳುತ್ತಾರೆಂದು ನಾನು ಅಂದುಕೊಂಡೆ. ನನ್ನ ದಡ್ಡತನ ಆ ಕ್ಷಣದವರೆಗೂ ಪೂರ್ತಿ ಉಳಿದಿತ್ತು.

"ಬೀಗರ ಮುಂದ ನನ್ನ ಮಾನ ತಗದ್ರಿ ಮಾಸ್ತರ್," ಎಂದರು ಸಾಹುಕಾರರು. "ಆಗಂಗಿಲ್ಲಂದ್ರ ಬರಬಾರ್ದಿತ್ತು."

ಹೆಂಡತಿ ಎದ್ದು ನಿಂತಳು. "ಸಿಗ್ಗು ಲೇದಾ ನೀಕು?" ಎಂದಳು. ನಾಚಿಕೆ ಇಲ್ಲವೇ ನಿನಗೆ, ಎಂದು. ತೆಲುಗಿನಲ್ಲಿ, ಏಕವಚನದಲ್ಲಿ, ಮಗಳ ಮದುವೆಯ ದಿನ, ಅಡಿಗೆಯವರೆಲ್ಲ ಕೇಳುವಂತೆ. ಸೇಡಮಿನಲ್ಲಿ ತೆಲುಗು ತಿಳಿಯದವರು ಯಾರಿದ್ದಾರೆ? ಸಾಹುಕಾರರು ರುಮಾಲು ಸರಿಮಾಡಿಕೊಂಡು ಹೋದರು. ಅಂದಿನಿಂದ ಅವರ ಜೀಪು ನಮ್ಮ ಓಣಿಗೆ ಬರಲಿಲ್ಲ.

ಚಿತ್ತಾಪುರದ ಬಸ್ಸಿನಲ್ಲಿ ಅವಳು ನನಗೆ ಸಮಾಧಾನದ ಒಂದು ಮಾತನ್ನೂ ಹೇಳಲಿಲ್ಲ. ಕಿಟಕಿಯ ಕಡೆ ನೋಡುತ್ತಲೇ ಅಂದಳು: "ಆ ಸಾವ್ಕಾರಗ ಬೈದೆ. ಖರೆ ಅಂದ್ರ ಆ ಮಾತು ನಿಮಗ ಅನ್ನಬೇಕಾಗಿತ್ತು. ಅಂವ ಬಡಿಸಿದ, ತಿಂದಾವ್ರು ಯಾರು?"

ಮರುದಿನದಿಂದ ಊಟ ಕಲಿಯುವ ಕೆಲಸ ನಿಜವಾಗಿ ಶುರುವಾಯಿತು. ದೊಡ್ಡ ಗಂಗಾಳವನ್ನು ಅವಳು ಅಟ್ಟಕ್ಕೆ ಹಾಕಿದಳು. ಸಣ್ಣ ಬಟ್ಟಲಿನಲ್ಲಿ ಮೆತ್ತಗಿನ ಅನ್ನ, ಹೆಸರುಬೇಳೆ, ರೊಟ್ಟಿಯ ಮೇಲಿನ ಪದರು. ನಾನು ಬೇಗ ನುಂಗಿದರೆ ಅವಳು ಬಟ್ಟಲನ್ನೇ ಎತ್ತಿಕೊಳ್ಳುತ್ತಿದ್ದಳು, "ಯಾರರ ಕಸಕೋತಾರೇನ್ರಿ?" ಎಂದು. ನೀರು ಊಟಕ್ಕೆ ಮೊದಲು, ಇಲ್ಲವೇ ಬಹಳ ಹೊತ್ತಾದ ಮೇಲೆ. ಬೆಳಿಗ್ಗೆ ಹೊಲದ ದಾರಿಯಲ್ಲಿ ನಡಿಗೆ. ತಿಂಗಳಿಗೊಮ್ಮೆ ಶಹಾಬಾದಿಗೆ ಹೋಗಿ ಆ ಕೆಂಪು ಇಂಜೆಕ್ಷನ್ ಚುಚ್ಚಿಸಿಕೊಳ್ಳುವುದು. ಹೊಟ್ಟೆಗಿಂತ ನಾಲಿಗೆ ಹೆಚ್ಚು ಕಾಡಿತು. ಯುಗಾದಿಯ ದಿನ ಪಕ್ಕದ ಮನೆಯಿಂದ ಹೂರಣ ಬೇಯುವ ವಾಸನೆ ಬಂದರೆ ಹೊರಗೆದ್ದು ಹೋಗಿ, ಕಾಲು ಸೋಲುವವರೆಗೆ ನಡೆದು ಬರುತ್ತಿದ್ದೆ.

ಬಿಡಲಾಗದ ಊಟಗಳು ಇದ್ದೇ ಇರುತ್ತಿದ್ದವು. ಅಲ್ಲಿ ಬಡಿಸುವವರ ಕಪಟಗಳನ್ನೆಲ್ಲ ಕಲಿತೆ. ಒಬ್ಬ ಮಾತಾಡಿಸುತ್ತ ಮುಂದೆ ನಿಲ್ಲುತ್ತಾನೆ, ಇನ್ನೊಬ್ಬ ಹಿಂದಿನಿಂದ ಬಂದು ಸುರಿಯುತ್ತಾನೆ. ಒಬ್ಬಳು ತನ್ನ ಮಕ್ಕಳ ಆಣೆ ಹಾಕುತ್ತಾಳೆ. ಅದಕ್ಕೂ ಬಗ್ಗದಿದ್ದರೆ, ದೇವರ ಪ್ರಸಾದ. ದೇವರಿಗೂ ಇವರ ದೆಸೆಯಿಂದ ಹುಗ್ಗಿ ಮಾರುವ ಗತಿ ಬಂತು. ನಾನು ಎಲೆಯ ಮೇಲೆ ಕೈ ಅಡ್ಡ ಇಡುತ್ತಿದ್ದೆ. ಕೈಯ ಮೇಲೆಯೇ ಸುರಿದರೆ ಪಂಕ್ತಿಯ ನಡುವೆಯೇ ಎದ್ದು ಕೈ ತೊಳೆಯುತ್ತಿದ್ದೆ. ಮಾಸ್ತರನಿಗೆ ಸೊಕ್ಕು ಬಂದಿದೆ ಎಂದರು. ಕರೆಗಳು ಕಡಿಮೆಯಾದವು, ಆಮೇಲೆ ನಿಂತವು. ಬೆನ್ನು ತಟ್ಟುತ್ತಿದ್ದ ಅಷ್ಟು ಕೈಗಳಲ್ಲಿ ಒಂದೂ ಹೇಗಿದ್ದೀರಿ ಎಂದು ಬಾಗಿಲು ತಟ್ಟಲಿಲ್ಲ.

ಕೆಲವು ವರ್ಷಗಳ ಮೇಲೆ ಚಿತ್ತಾಪುರದಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮದುವೆಗೆ ಹೋದೆ. ಅಲ್ಲಿ ಗದ್ದಲ ಎದ್ದಿತ್ತು. ಸಾಹುಕಾರರು ಹೊಸಬನನ್ನು ಹಿಡಿದಿದ್ದರು, ಕಾಳಗಿ ಕಡೆಯ ಒಬ್ಬ ಪೊಲೀಸ್ ಪೇದೆ. ಹೊಟ್ಟೆ ಬೆಲ್ಟಿನ ಮೇಲೆ ಚೆಲ್ಲಿತ್ತು. ಅದೇ ಶಿಳ್ಳೆ, ಅದೇ ನಗೆ. ಕೈ ತೊಳೆಯುವಲ್ಲಿ ಅವನ ಹತ್ತಿರ ಹೋಗಿ ಮೆಲ್ಲಗೆ ಕೇಳಿದೆ: "ಹಸಿದಾಗ ಹೊಟ್ಟ್ಯಾಗ ಉರೀತದೇನಪ್ಪಾ?"

ಅವನು ನನ್ನ ಗುರುತು ಹಿಡಿದ. ಸುತ್ತಲಿನವರಿಗೆ ಕೇಳುವಂತೆ ಅಂದ: "ಉರಿಯಾಕತ್ತಿದ್ದು ನಿಮಗ್ರಿ ಮಾಸ್ತರ್. ಇದಕ್ಕ ಹೊಟ್ಟಿಕಿಚ್ಚು ಅಂತಾರ!"

ಎಲ್ಲರೂ ಗೊಳ್ಳೆಂದರು. ಮಾತು ಚೆನ್ನಾಗಿತ್ತು, ಒಪ್ಪಿಕೊಳ್ಳುತ್ತೇನೆ. ಅವನ ತಲೆಯಿಂದ ಹೊರಟ ಒಂದೇ ಒಳ್ಳೆಯ ಮಾತು ಅದೇ ಇರಬೇಕು.

ಮುಂದಿನ ಮಳೆಗಾಲ ಮುಗಿಯುವ ಹೊತ್ತಿಗೆ ಅವನೇ ನಮ್ಮ ಮನೆಗೆ ಬಂದ. ಮುಖ ಸುಣ್ಣದಂತಿತ್ತು. ಕಪ್ಪು ವಾಂತಿ ಆಗಿತ್ತಂತೆ. ಸೊಲ್ಲಾಪುರದ ದವಾಖಾನೆ ಯಾವುದು ಎಂದು ಕೇಳಲು ಬಂದಿದ್ದ. ನಾನೇ ಶಹಾಬಾದಿನವರೆಗೆ ಹೋಗಿ ರೈಲು ಹತ್ತಿಸಿದೆ. ಬದುಕಿ ಬಂದ. ಹೆಂಡತಿ ಅವನನ್ನೂ ಅವನ ಹೆಂಡತಿಯನ್ನೂ ಕೂರಿಸಿ, ಹೇಗೆ ಉಣ್ಣಬೇಕು, ಎಷ್ಟು ಉಣ್ಣಬೇಕು ಎಂದು ಬಿಡಿಸಿ ಹೇಳಿ ಕಳಿಸಿದಳು. ಅವನು ಕೈ ಮುಗಿದ, ಕಣ್ಣೀರು ಹಾಕಿದ.

ಮಾಘದ ಮದುವೆಗಳು ಶುರುವಾದದ್ದೇ ತಡ, ಅವನು ಮತ್ತೆ ಪಂಕ್ತಿಯಲ್ಲಿ ಕೂತಿದ್ದಾನೆ ಎಂಬ ಸುದ್ದಿ ಬಂತು. ಕೊಯ್ದ ಹೊಟ್ಟೆಯಲ್ಲೂ ಹೇಗೆ ತಿನ್ನುತ್ತಾನೆ ನೋಡಿ ಎಂದು ಈಗ ಇನ್ನೂ ಹೆಚ್ಚು ಮಂದಿ ಸೇರುತ್ತಿದ್ದರಂತೆ. ನನಗೆ ಮೈಯೆಲ್ಲ ಉರಿಯಿತು. ಕಾಳಗಿಗೆ ಹೋಗಿ ಅವನ ಮುಖಕ್ಕೆ ಉಗಿದು ಬರುತ್ತೇನೆಂದು ಚಪ್ಪಲಿ ಮೆಟ್ಟಿದೆ.

"ಎಲ್ಲಿಗ್ರಿ?" ಎಂದಳು ಹೆಂಡತಿ.

ಹೇಳಿದೆ.

"ಅಂವಗ ಒಮ್ಮಿ ಹೇಳೀವಿ. ಹೊಟ್ಟಿ ಅವಂದು. ನೀವು ಹೋದ್ರ ಅಲ್ಲಿ ಚಹಾ ಕೊಡ್ತಾರ, ಸಕ್ಕರಿ ಸುರೀತಾರ, ಬ್ಯಾಡ ಅನ್ನಾಕ ನಿಮಗ ಬಾಯಿ ಬರಂಗಿಲ್ಲ. ಬಸ್ಸಿಗೆ ಹೊತ್ತಾಗ್ತದ, ಉಣ್ಣೂದು ತಪ್ತದ. ಚಪ್ಪಲ್ ಬಿಡ್ರಿ."

ಚಪ್ಪಲಿ ಬಿಟ್ಟೆ. ಅವಳು ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಮೊದಲ ರೊಟ್ಟಿಯ ತೆಳ್ಳನೆ ಪದರು ಬಿಡಿಸಿ, ಬೇಳೆಯಲ್ಲಿ ಅದ್ದಿ ಕೊಟ್ಟಳು. ಆ ಪೇದೆಗೆ ಮನಸ್ಸಿನಲ್ಲೇ ಬೈಯುತ್ತ, ಪ್ರತಿ ತುತ್ತನ್ನೂ ನೀರಾಗುವವರೆಗೆ ಅಗಿದು ತಿಂದೆ.