ಅತ್ತೆಯ ಔಡಲೆಣ್ಣೆ

ಬಾಳೆಯ ಸೊನೆ ಮೆತ್ತಿ ಅತ್ತೆಯ ಬೆರಳುಗಳು ಸದಾ ಕಪ್ಪಾಗಿರುತ್ತಿದ್ದವು. ಕಮಲಾಪುರದ ತೋಟದ ಕೆಂಬಾಳೆ ಗೊನೆಗಳನ್ನು ಅವಳೇ ಕಡಿಯುತ್ತಿದ್ದಳು. ಅವಳು ಅಪ್ಪನ ತಂಗಿ. ನಮ್ಮ ಮನೆಗೆ ಬಂದರೆ ಆ ಬೆರಳುಗಳಿಂದಲೇ ನನ್ನ ಹೊಟ್ಟೆ ಒತ್ತಿ, “ಉಂಡಿದ್ದು ಅರಗ್ತದಿಲ್ಲ, ಯವ್ವಾ?” ಎನ್ನುತ್ತಿದ್ದಳು. ಕ್ಷೇಮ ಕೇಳಲು ಅವಳಿಗೆ ಬೇರೆ ಮಾತು ಗೊತ್ತಿರಲಿಲ್ಲ.

ನನಗೆ ಅರಗುತ್ತಿರಲಿಲ್ಲ. ದೊಡ್ಡ ಕರುಳಿನಲ್ಲಿ ಹುಣ್ಣು, ರಕ್ತ, ವರ್ಷಗಳಿಂದ ಮಾತ್ರೆ. ಕಲಬುರಗಿಯ ಡಾಕ್ಟರು ಕೊನೆಗೆ ಒಂದು ದಾರಿ ಹೇಳಿದರು. ಆರೋಗ್ಯವಂತರ ಮಲವನ್ನು ಸೋಸಿ ನಳಿಕೆಯಲ್ಲಿ ನನ್ನ ಕರುಳಿಗೆ ಬಿಡುವುದು. ಅದರ ಒಳ್ಳೆಯ ಬ್ಯಾಕ್ಟೀರಿಯಾ ಅಲ್ಲಿ ನೆಲೆಸಿದರೆ ಸರಿ, ಇಲ್ಲದಿದ್ದರೆ ಕರುಳನ್ನೇ ಕತ್ತರಿಸಿ ತೆಗೆಯಬೇಕು. ಮನೆಯವರೆಲ್ಲರ ತಪಾಸಣೆಯಾಯಿತು. ಪಾಸಾದವಳು ಅತ್ತೆಯೊಬ್ಬಳೇ.

ಯಾರಿಗೂ ಹೇಳಬೇಡ ಎಂದಿದ್ದೆ. ಬಸ್ಸಿನ ಕಂಡಕ್ಟರಿಗೂ ಹೇಳಿಕೊಂಡು ಬಂದಳು: “ನನ್ನ ಹೊಟ್ಟ್ಯಾಗಿಂದು ನಮ್ಮಣ್ಣನ ಮಗಳಿಗಿ ಹಾಕ್ತಾರ!” ನಾಚಿಕೊಳ್ಳಲೂ ನನ್ನಲ್ಲಿ ತ್ರಾಣವಿರಲಿಲ್ಲ.

ಆ ಬೆಳಿಗ್ಗೆ ಆಸ್ಪತ್ರೆಯಲ್ಲಿ ಅವಳು ಕೊಟ್ಟದ್ದು ಬರೀ ನೀರು. ಹಿಂದಿನ ದಿನ ಔಡಲೆಣ್ಣೆ ಕುಡಿದು ಹೊಟ್ಟೆ ತೊಳೆದುಕೊಂಡಿದ್ದಳು.

“ಯಾಕ್ರೀ ಅಮ್ಮಾ?” ಎಂದರು ಡಾಕ್ಟರು.

“ಮನಿ ಹುಡುಗಿಗಿ ಹೊಲಸು ಕೊಡ್ಲೇನ್ರೀ? ಒಬ್ಬರಿಗಿ ಡಬ್ಬಿ ಕೊಡಬೇಕಾದ್ರ ತಿಕ್ಕಿ ಕೊಡ್ತೀವಿಲ್ಲ?”

“ನಮಗ ಆ ಹೊಲಸೇ ಬೇಕಿತ್ರೀ. ಡಬ್ಬಿ ತಿಕ್ಕೋ ಭರದಾಗ ಒಳಗಿಂದೆಲ್ಲ ಚೆಲ್ಲಿ ಬಂದೀರಿ.”

ಅವಳ ಹೊಟ್ಟೆ ಹದಕ್ಕೆ ಬರಲು ಕೆಲವು ವಾರ ಬೇಕೆಂದರು. ಅಲ್ಲಿಯವರೆಗೆ ನನ್ನ ಕರುಳು ತಡೆಯುತ್ತದೆಯೇ ಎಂದು ಯಾರೂ ಹೇಳಲಿಲ್ಲ. ನಾನು ಗೋಡೆಯ ಕಡೆ ತಿರುಗಿ ಮಲಗಿದೆ. ಅತ್ತೆ ನನ್ನ ಕಾಲ ಬಳಿ ಕುಳಿತು, ಎಂದೂ ಇಲ್ಲದ ಸಣ್ಣ ದನಿಯಲ್ಲಿ, “ಸಿಟ್ಟಾಗಬ್ಯಾಡ ಯವ್ವಾ. ಮತ್ತ ತುಂಬ್ಸ್ಕೊಂಡು ಬರ್ತೀನಿ” ಎಂದಳು.

ತೋಟ ಬಿಟ್ಟು ಕಲಬುರಗಿಯ ಖೂಬಾ ಪ್ಲಾಟಿನ ನಮ್ಮ ಮನೆಯಲ್ಲೇ ಉಳಿದಳು. ರೊಟ್ಟಿ, ಬೇಳೆ, ಪುಂಡಿಪಲ್ಯ. ಡಾಕ್ಟರು ಬೇಡವೆಂದದ್ದು ಒಂದನ್ನೂ ಮುಟ್ಟಲಿಲ್ಲ. ಅವರು ಸಾಕು ಎನ್ನುವವರೆಗೆ ಮತ್ತೆ ಮತ್ತೆ ಆಸ್ಪತ್ರೆಗೆ ಬಂದು ಕೊಟ್ಟಳು. ನಿಧಾನಕ್ಕೆ ರಕ್ತ ನಿಂತಿತು. ಕರುಳು ಉಳಿಯಿತು.

ಆಮೇಲೆ ಕಮಲಾಪುರದಿಂದ ದಿನಾ ಫೋನು: “ಅರಗ್ತೇನ್?” ಆಫೀಸಿನ ಮೂಲೆಗೆ ಹೋಗಿ “ಹೂಂ” ಎನ್ನುತ್ತಿದ್ದೆ. ಅದೂ ಒಂದು ದಣಿವೇ.

ಹೋದ ಬೇಸಿಗೆಯಲ್ಲಿ, ತೋಟದಲ್ಲೇ ಎದೆನೋವು ಬಂದು ಅತ್ತೆ ತೀರಿಕೊಂಡಳು. ಮಣ್ಣು ಮಾಡಿ ಬಂದ ಮೇಲೆ ಎಲ್ಲರೂ ತಲೆಯ ಮೇಲೆ ಕೈಹೊತ್ತು ಕುಳಿತಿದ್ದರು. ನನಗೆ ಹಸಿವಾಯಿತು. ಅಡುಗೆಮನೆಯಲ್ಲಿ ಒಬ್ಬಳೇ ನಿಂತು, ನೆರೆಯವರು ತಂದಿಟ್ಟಿದ್ದ ರೊಟ್ಟಿ, ಬೇಳೆ ಹೊಟ್ಟೆತುಂಬ ಉಂಡೆ.

ಅರಗಿತು. ಕೇಳುವವರಿರಲಿಲ್ಲ.