ಸೋಮವಾರದ ತನಕ ಕಿವಿ ಮುಚ್ಚಿ

ಪಿಯುಸಿ ಮುಗಿದ ವರ್ಷ ನನಗೆ ಕಾಲೇಜು ಸಿಗಬೇಕಾಗಿದ್ದದ್ದು ಅಂಕದಿಂದಲ್ಲ, ಎಂಟುನೂರು ಮೀಟರ್ ಓಟದಿಂದ. ಬ್ರಹ್ಮಾವರದ ಆಚೆಯ ಒಂದು ಕಾಲೇಜಿನಲ್ಲಿ ಕ್ರೀಡಾ ಕೋಟಾ ಇತ್ತು. ಆಯ್ಕೆಯಾದರೆ ಹಾಸ್ಟೆಲು, ಊಟ, ಫೀಸು ಎಲ್ಲ ಅವರದ್ದೇ. ಆದರೆ ಆಯ್ಕೆಯ ಓಟ ಇಟ್ಟದ್ದು ಉಳಿದ ಕಾಲೇಜುಗಳೆಲ್ಲ ಬಾಗಿಲು ಹಾಕಿದ ಮೇಲೆ. ಈ ದಿನಾಂಕಗಳನ್ನು ಗೊತ್ತು ಮಾಡುವವರು ಜನ್ಮದಲ್ಲಿ ಒಮ್ಮೆಯೂ ಓಡಿದವರಲ್ಲ ಎಂದು ನನಗೆ ಇಂದಿಗೂ ಸಿಟ್ಟಿದೆ. ಕುಂದಾಪುರದಲ್ಲಿ ಸಿಗುತ್ತಿದ್ದ ಸೀಟು ಬಿಟ್ಟು ಕಾದೆ.

ಶುಕ್ರವಾರ ಓಡಿದೆ, ಗೆದ್ದೆ. “ಸೋಮವಾರ ಒರಿಜಿನಲ್ ಎಲ್ಲ ತಂದು ಸೇರಿಕೊ. ತಪ್ಪಿದರೆ ಸೀಟು ನಿನ್ನ ಹಿಂದೆ ಬಂದವಳಿಗೆ” ಎಂದರು ಅಲ್ಲಿಯ ಪಿ.ಟಿ. ಮೇಷ್ಟ್ರು. ಅದನ್ನೇ ನಮ್ಮ ಮನೆಯ ಹತ್ತಿರದ ಅಂಗಡಿಗೂ ಫೋನು ಮಾಡಿ ಅಮ್ಮನಿಗೆ ತಿಳಿಸಲು ಹೇಳಿದರು.

ನಮ್ಮೂರು ಗುಲ್ವಾಡಿಯ ಬಸ್ಸು ಹಿಡಿಯಲು ಕುಂದಾಪುರದಲ್ಲಿ ಇಳಿದರೆ ಅಮ್ಮ ನಿಂತಿದ್ದಳು. ತಲೆ ಒದ್ದೆ. ನನ್ನ ಟಿ.ಸಿ., ಮಾರ್ಕ್ಸ್ ಕಾರ್ಡು, ಬಟ್ಟೆ ತುಂಬಿದ ಚೀಲವನ್ನು ಕೈಗೆ ಕೊಡದೆ ಬೆಂಚಿನ ಮೇಲಿಟ್ಟು ಹಿಂದೆ ಸರಿದಳು.

“ಹತ್ರ ಬರ್ಬೇಡ. ಮನೆಗ್ ಬಪ್ದೂ ಬ್ಯಾಡ. ತೆಕ್ಕಟ್ಟೆಗೆ ನಿನ್ ಗೆಳತಿ ಮನೆಗೆ ಹೋಗ್. ಸೋಮವಾರ ಅಲ್ಲಿಂದ್ಲೇ ಕಾಲೇಜಿಗೆ.”

“ಎಂತಕಮ್ಮ?”

“ಎಂತ ಕೇಂಬುದೂ ಬ್ಯಾಡ. ನಾ ಹೇಳ್ತಿಲ್ಲೆ.”

ಅಷ್ಟಕ್ಕೇ ನನಗೆ ಅರ್ಥವಾಯಿತು. ನಮ್ಮದು ಅಳಿಯಕಟ್ಟು; ತಾಯಿಯ ಕಡೆಯ ಕುಟುಂಬದಲ್ಲಿ ಸಾವಾದರೆ ನಮಗೆಲ್ಲ ಸೂತಕ. ಬೊಜ್ಜದ, ಅಂದರೆ ಉತ್ತರಕ್ರಿಯೆಯ, ಊಟ ಮುಗಿಯುವವರೆಗೆ ಯಾವ ಒಳ್ಳೆಯ ಕೆಲಸಕ್ಕೂ ಹೊರಡುವಂತಿಲ್ಲ, ಕಾಲೇಜು ಸೇರುವುದಕ್ಕೂ. ಅಜ್ಜಿಯಾಗಲಿ ಮಾವನಾಗಲಿ ಈ ವಿಷಯದಲ್ಲಿ ಜಪ್ಪಯ್ಯ ಅಂದರೂ ಒಪ್ಪುವವರಲ್ಲ. ಆದರೆ ಶಾಸ್ತ್ರದಲ್ಲಿ ಒಂದು ಕಿಂಡಿ ಇತ್ತು: ಸುದ್ದಿ ಕಿವಿಗೆ ಬಿದ್ದ ಮೇಲಷ್ಟೇ ಸೂತಕ, ಕೇಳದವರಿಗೆ ಇಲ್ಲ. ಅಮ್ಮ ಆ ಕಿಂಡಿಯಲ್ಲಿ ನನ್ನನ್ನು ದಾಟಿಸಲು ಹೊರಟಿದ್ದಳು. ಯಾರು ಹೋದರು ಎಂದು ನಾನು ಕೇಳಲಿಲ್ಲ.

ತೆಕ್ಕಟ್ಟೆಯ ಆ ಮನೆಯಲ್ಲಿ ನನ್ನನ್ನು ಚೆನ್ನಾಗಿಯೇ ನೋಡಿಕೊಂಡರು. ಆದರೆ ನಾನು ಹೊರಗೆ ಬಂದರೆ ಮಾತು ನಿಲ್ಲುತ್ತಿತ್ತು. ಅಂಗಳಕ್ಕೆ ಯಾರಾದರೂ ಬಂದರೆ ಗೆಳತಿಯ ತಾಯಿ ನನ್ನನ್ನು ಒಳಕೋಣೆಗೆ ಅಟ್ಟಿ ಬಾಗಿಲು ಎಳೆಯುತ್ತಿದ್ದರು. ಮನಸ್ಸು ನಮ್ಮ ಮನೆಯ ಹಿರಿಯರನ್ನು ಒಬ್ಬೊಬ್ಬರಾಗಿ ಮುಟ್ಟಿ ನೋಡುತ್ತಿತ್ತು. ಪಕ್ಕದ ಮನೆಯ ಸಣ್ಣಜ್ಜ, ಅಂದರೆ ಅಜ್ಜಿಯ ತಮ್ಮ, ನೆನಪಾದ ಕೂಡಲೇ ಮನಸ್ಸನ್ನು ಅಲ್ಲಿಂದ ಓಡಿಸಿಬಿಡುತ್ತಿದ್ದೆ. ದಿನಾ ಬೆಳಿಗ್ಗೆ ನಾನು ಓಡುವಾಗ ಗದ್ದೆಯ ಅಂಚಿನಲ್ಲಿ ಕೊಡೆ ಊರಿ ಕೂರುತ್ತಿದ್ದವರು ಅವರು. “ಹ್ವಾಯ್, ಕಾಲ್ ಎತ್ತ್ ಹೆಣ್ಣೆ! ನೆಲಕ್ಕೆಂತ ಅಂಟ್ ಹಾಕಿದ್ರಾ?” ಎಂದು ಕೂಗಿ ಕೆಮ್ಮುತ್ತಿದ್ದರು. ಆ ಮಳೆಗಾಲ ಕೆಮ್ಮು ಜೋರಾಗಿತ್ತು. ಆದರೂ ಅಳಲಿಲ್ಲ. ಅತ್ತರೆ ಗೊತ್ತಾದ ಹಾಗೆ.

ಸೋಮವಾರ ಬಸ್ಸು ಹತ್ತಿದರೆ ನಮ್ಮೂರಿನ ಮೀನಿನ ವ್ಯಾಪಾರದವರೊಬ್ಬರು ಮುಂದಿನ ಸೀಟಿನಲ್ಲೇ ಇದ್ದರು. ತಲೆ ಬಗ್ಗಿಸಿ ಕುಳಿತೆ. ಸಾಸ್ತಾನ ಬರುವಾಗ ತಿರುಗಿ ನೋಡಿಯೇಬಿಟ್ಟರು. “ನೀ ಇಲ್ಲೆಂತ ಮಾಡ್ತೆ? ಅಲ್ಲಿ ನಿಮ್ಮನೆಯಗೆ…” ನಾನು ಚೀಲ ಅವುಚಿಕೊಂಡು, ನಿಲ್ಲುತ್ತಿದ್ದ ಬಸ್ಸಿನಿಂದ ಹಾರಿದೆ. ಓಟಗಾರ್ತಿಯಾದದ್ದು ಆವತ್ತು ನಿಜಕ್ಕೂ ಉಪಯೋಗಕ್ಕೆ ಬಂತು. ಮುಂದಿನ ಬಸ್ಸು ಹಿಡಿದು ಹೋದಾಗ ಆಫೀಸಿನವರು ಊಟಕ್ಕೆ ಏಳುತ್ತಿದ್ದರು. ಪಿ.ಟಿ. ಮೇಷ್ಟ್ರು ಅವರನ್ನು ಕೂರಿಸಿ ನನ್ನನ್ನು ಸೇರಿಸಿದರು.

ಸಂಜೆ ಬೂತಿನಿಂದ ನಮ್ಮ ಮನೆಯ ಹತ್ತಿರದ ಅಂಗಡಿಗೆ ಫೋನು ಮಾಡಿದೆ. ಅಮ್ಮ ಅಲ್ಲೇ ಕಾದಿದ್ದಳು.

“ಸೇರ್ದ್ಯಾ?”

“ಸೇರ್ದೆ.”

“ಇನ್ನ್ ಯಾರಿಗೂ ಸೀಟ್ ತಪ್ಪಿಸುಕಾತಿಲ್ಲ ಅಲ್ದಾ?”

“ಇಲ್ಲ.”

ಆಮೇಲೆ ಅವಳ ದನಿ ಒಡೆಯಿತು. “ಸಣ್ಣಜ್ಜ ಹೋದ್ರ್ ಮಗಾ. ನೀ ಓಡುಕೆ ಹೋದ್ ದಿನ ಬೆಳಿಗ್ಗೆ. ಈಗ ಹೋಯಿ ತಲೆಗ್ ಮೀ.”

ಹಾಸ್ಟೆಲಿನ ಬಚ್ಚಲಿನಲ್ಲಿ ತಣ್ಣೀರು ಹೊಯ್ದುಕೊಂಡೆ. ಮನೆಯವರು ಆಗಲೇ ಅತ್ತು ಮುಗಿಸಿದ್ದರು. ನನ್ನ ಸೂತಕ ಆಗಷ್ಟೇ ಶುರುವಾಗಿತ್ತು.

ಮರುದಿನ ಬೆಳಿಗ್ಗೆ ಮೈದಾನಕ್ಕೆ ಇಳಿದೆ. ಕಾಲು ಏಳಲಿಲ್ಲ. ಕೂಗಿ ಬೈಯುವವರು ಯಾರೂ ಇರಲಿಲ್ಲ.