ಹೊತ್ತು ಮುಳುಗಿದ ಮೇಲಿನ ಊಟ

ಬನಹಟ್ಟಿಯ ಪದ್ಮವ್ವನ ಬಾಯಿಗೆ ಇಡೀ ಓಣಿ ಹೆದರುತ್ತಿತ್ತು. ಗಂಡ ತೀರಿಕೊಂಡ ಮೇಲೆ ಮನೆಯಲ್ಲೇ ಖಾನಾವಳಿ ನಡೆಸಿ ಬದುಕು ಕಟ್ಟಿಕೊಂಡ ಗಟ್ಟಿ ಹೆಂಗಸು. ಉಳ್ಳಾಗಡ್ಡಿ, ಬಳ್ಳೊಳ್ಳಿ ಹೊಸಿಲು ದಾಟುವಂತಿರಲಿಲ್ಲ. ಹೊತ್ತು ಮುಳುಗಿದ ಮೇಲೆ ಯಾರೂ ಆ ಮನೆಯಲ್ಲಿ ಒಂದು ತುತ್ತು ಬಾಯಿಗಿಡುವಂತಿರಲಿಲ್ಲ. ಮೊದಲೇ ಜೈನರ ಮನೆ, ಅದರಲ್ಲೂ ಪದ್ಮವ್ವನ ಮನೆ!

ಊರ ಹೊರಗಿನ ಫಾರ್ಮಸಿ ಕಾಲೇಜಿಗೆ ಮೊದಲ ಸಲ ಇಬ್ಬರೋ ಮೂವರೋ ಆಫ್ರಿಕಾದ ಹುಡುಗರು ಬಂದಾಗ ಜನ ಕೆಲಸ ಬಿಟ್ಟು ನೋಡಿದ್ದರು. ಈಗ ವರ್ಷ ವರ್ಷ ಹಿಂಡುಗಟ್ಟಿ ಬರುತ್ತಾರೆ. ಕಾಲೇಜಿನವರು ಬ್ಯಾನರಿನಲ್ಲಿ ದೇಶಗಳ ಬಾವುಟ ಹೆಚ್ಚಿಸಿದರೇ ಹೊರತು ಹಾಸ್ಟೆಲ್ಲಿಗೆ ಒಂದು ಕೋಣೆ ಹೆಚ್ಚಿಸಲಿಲ್ಲ. ಹಾಗಾಗಿ ಕಾಲೇಜಿನ ಕ್ಲಾರ್ಕ್ ಶಿವಪುತ್ರ ತಾಂಜಾನಿಯಾದ ರೆಹೆಮಾಳನ್ನು ತಂದು ಪದ್ಮವ್ವನ ಮಾಳಿಗೆ ಮೇಲಿನ ಕೋಣೆಯಲ್ಲಿ ಬಿಟ್ಟ. ಹುಡುಗಿ ಆರು ತಿಂಗಳಲ್ಲಿ ಕನ್ನಡ ಕಲಿತಳು, ಆ ಮನೆಯ ನೇಮದಂತೆ ನೀರು ಸೋಸುವ ಅರಿವೆ ಜಾಲಾಡುವುದನ್ನೂ ಕಲಿತಳು. ಪದ್ಮವ್ವ ಬಾಯಿಬಿಟ್ಟು ಹೇಳದಿದ್ದರೂ ಆಕೆಯನ್ನು ಬಹಳ ಹಚ್ಚಿಕೊಂಡಿದ್ದಳು.

ಬೇಸಿಗೆಯ ಹೊಸ್ತಿಲಲ್ಲಿ ರೆಹೆಮಾ ಸಂಜೆಯ ಊಟಕ್ಕೆ ಕೂಡುವುದನ್ನು ಬಿಟ್ಟಳು. ಊಟವನ್ನು ಡಬ್ಬಿಗೆ ತುಂಬಿಕೊಂಡು, ದೀಪ ಹಚ್ಚುವ ಹೊತ್ತಿಗೆ ಹೊರಬೀಳುವಳು. ಪಕ್ಕದ ಮನೆಯ ಸುಂದರವ್ವನಿಗೆ ಅಷ್ಟೇ ಸಾಕಾಯಿತು.

"ನಿಮ್ಮ ರೊಟ್ಟಿ ಒಯ್ದು ಯಾವನಿಗೆ ಉಣಸಾಕತ್ತಾಳ ಕೇಳ್ರಿ," ಎಂದಳು.

ಆಫ್ರಿಕಾದವರೆಲ್ಲ ಕಿರಿಸ್ತಾನರೆಂದೇ ನಂಬಿದ್ದ ಪದ್ಮವ್ವನಿಗೆ, ಊರಲ್ಲಿ ರಂಜಾನ್ ನಡೆದಿದ್ದರೂ ಬೇರೇನೂ ಹೊಳೆಯಲಿಲ್ಲ. ಹುಡುಗಿಯನ್ನೇ ಕರೆದು ಕೇಳಬಹುದಿತ್ತಲ್ಲ, ಕೇಳಲಿಲ್ಲ. ಶಿವಪುತ್ರನಿಗೆ ಫೋನು ಮಾಡಿ, "ಈ ಹುಡಿಗಿ ನಡತಿ ಸರಿ ಕಾಣವಲ್ದು, ಕರ್ಕೊಂಡು ಹೋಗ್ರಿ" ಎಂದುಬಿಟ್ಟಳು.

ಮರುದಿನ ಸಂಜೆ ಶಿವಪುತ್ರ ಆಟೋ ತಂದ. ರೆಹೆಮಾ ಚೀಲ ಇಳಿಸಿಕೊಂಡು ಬಂದಾಗ ಪದ್ಮವ್ವನಿಗೆ ತಡೆಯಲಾಗಲಿಲ್ಲ.

"ದಿನಾ ಡಬ್ಬಿ ತಗೊಂಡು ಎಲ್ಲಿಗೆ ಹೊಕ್ಕಿದ್ದಿ?"

"ನೀರಿನ ಟ್ಯಾಂಕಿನ ಕಟ್ಟಿ ಮ್ಯಾಲ, ಅಜ್ಜಿ. ರೋಜಾ ಉಪಾಸ ಬಿಡಾಕ. ಕತ್ತಲಾದ ಮ್ಯಾಲ ಮನಿಯಾಗ ಉಣಬಾರ್ದು ಅಂತ ನೀವ ಹೇಳಿದ್ರಿ."

ಪದ್ಮವ್ವ ಮುಂದೆ ಬಂದು ಹುಡುಗಿಯ ಕೈ ಹಿಡಿದುಕೊಂಡಳು. ಬೀದಿಯ ಕಟ್ಟೆಯ ಮೇಲೆ, ಕತ್ತಲಲ್ಲಿ, ಒಬ್ಬಳೇ! ಅದೂ ತನ್ನ ಮನೆಯ ನೇಮ ಕಾಯಲು!

"ತಪ್ಪಾತವ್ವಾ, ಹೋಗಬ್ಯಾಡ. ಕತ್ತಲಾದ್ರೂ ಆಗ್ಲಿ, ಇಲ್ಲೇ ನನ್ನ ಮುಂದ ಕುಂತು ಉಣ್ಣು."

ರೆಹೆಮಾ ಆಕೆಯ ಕೈ ಮೆಲ್ಲಗೆ ಬಿಡಿಸಿಕೊಂಡಳು. "ನೀವು ನನ್ನ ಕೇಳಲಿಲ್ಲ, ಅಜ್ಜಿ. ಅವ್ರಿಗೆ ಹೇಳಿದ್ರಿ."

ಹುಡುಗಿ ಆಟೋ ಹತ್ತಿದಳು. ಶಿವಪುತ್ರ ಸಮಾಧಾನ ಮಾಡಲು ಹೋದ: "ಚಿಂತಿ ಮಾಡಬ್ಯಾಡ್ರಿ ಅಮ್ಮಾರ, ಈ ವರ್ಷ ಇನ್ನೂ ಭಾಳ ಮಂದಿ ಬರಾಕತ್ತಾರ. ಮುಂದಿನ ವಾರ ಬ್ಯಾರೆ ಹುಡಿಗಿ ಕೊಡ್ತೀನಿ."

"ಬ್ಯಾರೆದಾಕಿ ಬ್ಯಾಡ," ಎಂದ ಪದ್ಮವ್ವ ಬಾಗಿಲಲ್ಲೇ ಕುಸಿದು ಕೂತು ಅತ್ತಳು.